ನರಿಯ ರೋಗ, ಹಾವಿನ ರೋಗ ಮತ್ತು ಉಳ್ಳಾಗಡ್ಡಿ

ರಬಕವಿಯ ನಮ್ಮ ಫೂಫಿಯ ತಲೆಯಲ್ಲಿ ಎಂಟಾಣೆ ನಾಣ್ಯದಷ್ಟು ಜಾಗ ಬೋಳಾದಾಗ ಅವರಿಗೆ ಹದಿನೇಳು ವರ್ಷ. ಒಳಗೆ ಮಗ್ಗದ ಸದ್ದು, ಪಡಸಾಲೆಯಲ್ಲಿ ಮದುವೆಯ ಮಾತುಕತೆ. ದಾದಿ ಮಗಳ ತಲೆಯ ಮೇಲಿನ ಸೆರಗು ಜಾರದಂತೆ ಕಾವಲು ಕುಳಿತರು. ನೆರೆಯವರು ‘ಹುಳ ತಿಂದೈತಿ’ ಅಂದರು, ನಮ್ಮವರು ‘ಬಾಲ್‌ಖೋರಾ’ ಅಂದರು. ಎರಡೂ ಮಾತು ಒಂದೇ: ಯಾವುದೋ ಒಂದು ಕೂದಲನ್ನು ತಿನ್ನುತ್ತಿದೆ. ತಿಂಗಳಿಗೊಂದು ಎಣ್ಣೆ ಬದಲಾಯಿತು. ಕೊನೆಗೆ ದಾದಾ ಅವರನ್ನು ಜಮಖಂಡಿಯ ಒಬ್ಬ ಹಕೀಮರ ಬಳಿ ಕರೆದೊಯ್ದರು.

ಹಕೀಮರು ಎಣ್ಣೆಯ ಮಾತನ್ನೇ ಎತ್ತಲಿಲ್ಲವಂತೆ. ಒಂದೇ ಕಡೆ ಹೋಗಿದೆಯೋ, ತಲೆ ತುಂಬ ಉದುರುತ್ತಿದೆಯೋ? ಈಚೆಗೆ ದೊಡ್ಡ ಜ್ವರ ಬಂದಿತ್ತೆ? ಹೊಟ್ಟು ಏಳುತ್ತದೆಯೆ, ತುರಿಸುತ್ತದೆಯೆ? ಇಷ್ಟು ಕೇಳಿ, ಬೆರಳಿನಿಂದ ಆ ಜಾಗ ಸವರಿ ‘ದಾ-ಉಸ್-ಸಾಲಬ್’ ಎಂದರು. ಫೂಫಿ ಆ ಹೆಸರನ್ನು ಇಂದಿಗೂ ಮರೆತಿಲ್ಲ.

ಸಾಲಬ್ ಎಂದರೆ ಅರಬ್ಬಿಯಲ್ಲಿ ನರಿ. ಕಜ್ಜಿ ಹತ್ತಿದ ನರಿಯ ಮೈಮೇಲೆ ಅಲ್ಲಲ್ಲಿ ಕೂದಲು ಹೋಗುವುದನ್ನು ಕಂಡ ಗ್ರೀಕರು ಈ ರೋಗಕ್ಕೆ ನರಿಯ ಹೆಸರಿಟ್ಟರು. ಇಂದಿನ ಡಾಕ್ಟರರು ಬರೆಯುವ ಅಲೋಪೇಶಿಯಾ ಅದೇ ಪದ. ಅರಬ್ಬರು ಅದನ್ನು ತಮ್ಮ ನುಡಿಗೆ ತಿರುಗಿಸಿಕೊಂಡರು. ಜೊತೆಗೆ ಇನ್ನೊಂದು ಹೆಸರೂ ಬಂತು: ದಾ-ಉಲ್-ಹಯ್ಯಾ, ಹಾವಿನ ರೋಗ. ಹಾವಿನಂತೆ ಬಳಸಿಕೊಂಡು ಕೂದಲು ಹೋಗುವ ಬಗೆ ಅದು. ಇಂದಿಗೂ ಹೆಗ್ಗತ್ತಿನಿಂದ ಕಿವಿಯವರೆಗೆ ಪಟ್ಟಿಯಾಗಿ ಬೋಳಾದರೆ ಚರ್ಮವೈದ್ಯರು ಗ್ರೀಕರ ಹಾವನ್ನೇ ನೆನೆದು ಓಫಿಯಾಸಿಸ್ ಎನ್ನುತ್ತಾರೆ. ಅದು ಸುಲಭಕ್ಕೆ ಬಗ್ಗುವುದಿಲ್ಲ ಎಂಬುದೂ ಅವರಿಗೆ ಗೊತ್ತು. ಇಬ್ನ್ ಸೀನಾ (980–1037) ತಮ್ಮ ‘ಕಾನೂನ್’ ಗ್ರಂಥದಲ್ಲಿ ನರಿ ಹಾವುಗಳೆರಡನ್ನೂ ಬೇರೆ ಬೇರೆಯಾಗಿಯೇ ಹೆಸರಿಸಿದ್ದಾರೆ. ತಲೆ ತುಂಬ ಉದುರುವುದಕ್ಕೆ ಯುನಾನಿಯಲ್ಲಿ ಇಂತಿಶಾರ್, ನೆತ್ತಿ ಬೋಳಾಗುವುದಕ್ಕೆ ಸಲಾ. ಹೆಸರು ಬೇರೆಯಾದರೆ ಮದ್ದೂ ಬೇರೆ.

ಈ ವಿದ್ಯೆ ನಮ್ಮ ಸೀಮೆಗೆ ಬಂದ ದಾರಿಯಲ್ಲಿ ವಿಜಯಪುರ ಸಿಗುತ್ತದೆ. ಮುಧೋಳದ ಘೋರ್ಪಡೆಯವರು ಆದಿಲ್‌ಶಾಹಿಗಳ ಸರದಾರರಾಗಿದ್ದ ಕಾಲವದು. ಇತಿಹಾಸಕಾರನೆಂದೇ ನಾವು ಬಲ್ಲ ಮುಹಮ್ಮದ್ ಕಾಸಿಮ್ ಫಿರಿಷ್ತಾ 1589ರಲ್ಲಿ ಅಹಮದ್‌ನಗರ ಬಿಟ್ಟು ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯಕ್ಕೆ ಬಂದ. ಆತ ವೈದ್ಯದ ಬಗ್ಗೆಯೂ ಬರೆದಿದ್ದಾನೆ ಎಂಬುದು ಎಷ್ಟೋ ಜನಕ್ಕೆ ತಿಳಿಯದು. ‘ದಸ್ತೂರ್-ಉಲ್-ಅತಿಬ್ಬಾ’ ಎಂಬ ಆ ಪಾರಸಿ ಪುಸ್ತಕದ ವಿಷಯ ಯುನಾನಿಯಲ್ಲ, ಆಯುರ್ವೇದ. ಹಿಂದೂಸ್ತಾನದ ವೈದ್ಯರ ಸಿದ್ಧಾಂತ, ಇಲ್ಲಿಯ ಗಿಡಮೂಲಿಕೆ ಮುಸಲ್ಮಾನ ಹಕೀಮರಿಗೂ ತಿಳಿದಿರಲಿ ಎಂದು ಬರೆದದ್ದು. ಅದರ ಇನ್ನೊಂದು ಹೆಸರು ‘ಇಖ್ತಿಯಾರಾತ್-ಎ-ಕಾಸಿಮಿ’. ಇಖ್ತಿಯಾರಾತ್ ಎಂದರೆ ಆಯ್ಕೆಗಳು, ಕಾಸಿಮನ ಆಯ್ಕೆಗಳು. ಗೋಳಗುಮ್ಮಟ ನೋಡಲು ಹೋದವರಿಗೆ ಯಾರೂ ಈ ಪುಸ್ತಕದ ಬಗ್ಗೆ ಹೇಳುವುದಿಲ್ಲ. ನನಗೆ ಅದು ಗುಮ್ಮಟಕ್ಕಿಂತ ಸಣ್ಣದೆನಿಸಿಲ್ಲ.

ಆಯುರ್ವೇದದಲ್ಲಿ ಈ ರೋಗಕ್ಕೆ ಇಂದ್ರಲುಪ್ತ ಎಂಬ ಹೆಸರಿದೆ. ಪಿತ್ತ ವಾತಗಳು ಕೂದಲನ್ನು ಬೀಳಿಸುತ್ತವೆ, ಆಮೇಲೆ ಕಫ ರಕ್ತಗಳು ರಂಧ್ರವನ್ನು ಮುಚ್ಚುತ್ತವೆ, ಆದ್ದರಿಂದ ಹೊಸ ಕೂದಲು ಬರುವುದಿಲ್ಲ ಎನ್ನುತ್ತಾನೆ ಸುಶ್ರುತ. ಮುಚ್ಚಿದ್ದನ್ನು ತೆರೆಯಬೇಕಲ್ಲ? ಅದಕ್ಕೆ ಆ ಜಾಗವನ್ನು ಮತ್ತೆ ಮತ್ತೆ ಗೀರಿ ಗುಲಗಂಜಿಯ ಲೇಪ. (ಗುಲಗಂಜಿ ಪ್ರಾಣ ತೆಗೆಯುವಂಥ ವಿಷ, ಇದನ್ನು ಓದಿ ಯಾರೂ ಮನೆಯಲ್ಲಿ ಅರೆಯಲು ಕೂರಬೇಡಿ.) ಹಕೀಮರದು ಇನ್ನೊಂದು ದಾರಿ. ಒಳಗಿನ ಕೆಟ್ಟ ದೋಷ ಇಳಿಯಲು ಜುಲಾಬು, ಹೊರಗೆ ಒರಟು ಬಟ್ಟೆಯಿಂದ ಕೆಂಪಾಗುವವರೆಗೆ ಉಜ್ಜಿ ಉಳ್ಳಾಗಡ್ಡಿಯ ರಸ. ಇಬ್ಬರೂ ಒಂದೇ ಮದ್ದಿಗೆ ಜೋತುಬೀಳಲಿಲ್ಲ: ಮೊದಲು ಚರ್ಮವನ್ನು ಎಬ್ಬಿಸಿದರು, ಆಮೇಲೆ ಮದ್ದು ಹಚ್ಚಿದರು.

ಹಳಬರು ಹೇಳಿದ್ದೆಲ್ಲ ಸರಿ ಎಂದು ಎದೆ ತಟ್ಟಿಕೊಳ್ಳುವವರ ಸಾಲಿನಲ್ಲಿ ನಾನಿಲ್ಲ. ಕಫ ಹೋಗಿ ಬೇರೆ ವಿವರಣೆ ಬಂದಿದೆ. ನರಿಯ ರೋಗದಲ್ಲಿ ನಮ್ಮ ದೇಹದ ಕಾವಲು ಪಡೆಯೇ ಕೂದಲ ಬೇರಿನ ಮೇಲೆ ಬೀಳುತ್ತದೆ. ಆದರೆ ಉಳ್ಳಾಗಡ್ಡಿಯನ್ನು ಪರೀಕ್ಷೆಗೆ ಒಡ್ಡಿದವರಿದ್ದಾರೆ. 2002ರಲ್ಲಿ ಬಾಗ್ದಾದಿನ ವೈದ್ಯರು 23 ರೋಗಿಗಳಿಗೆ ಅದರ ರಸವನ್ನೂ 15 ಮಂದಿಗೆ ಬರೀ ನಲ್ಲಿ ನೀರನ್ನೂ ಹಚ್ಚಿಸಿದರು. ಆರು ವಾರದಲ್ಲಿ ಮೊದಲಿನವರಲ್ಲಿ 20 ಮಂದಿಗೆ ಕೂದಲು ಬಂತು, ನೀರಿನವರಲ್ಲಿ ಎಂಟು ವಾರಕ್ಕೆ ಇಬ್ಬರಿಗೆ. ಪರೀಕ್ಷೆ ಸಣ್ಣದು. ಆ ಇಬ್ಬರನ್ನೂ ಮರೆಯಬಾರದು: ಸಣ್ಣ ಬೋಳು ಎಷ್ಟೋ ಸಲ ಮದ್ದಿಲ್ಲದೆಯೂ ತುಂಬಿಕೊಳ್ಳುತ್ತದೆ. ಮಾರುವವರ ಎಣ್ಣೆಗೆ ಕೀರ್ತಿ ಬರುವುದು ಇಲ್ಲಿಂದಲೇ. ತಲೆಯೆಲ್ಲ ಬೋಳಾಗುವ ಉಗ್ರ ಬಗೆಗೆ ಉಳ್ಳಾಗಡ್ಡಿ ಏನೂ ಮಾಡದು. ಅದಕ್ಕೆ ಬ್ಯಾರಿಸಿಟಿನಿಬ್ ಎಂಬ ಗುಳಿಗೆಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಗಂಡಸರ ನೆತ್ತಿಯ ಕಥೆಯೇ ಬೇರೆ. ಖೋಜಾಗಳ ತಲೆ ಬೋಳಾಗುವುದಿಲ್ಲವೆಂದು ಹಿಪ್ಪೊಕ್ರಾಟಿಸನ ಕಾಲದಲ್ಲೇ ಗಮನಿಸಿದ್ದರು. ಕಾರಣ ಗಂಡು ಹಾರ್ಮೋನು ಎಂದು ಜೇಮ್ಸ್ ಹ್ಯಾಮಿಲ್ಟನ್ ತೋರಿಸಿದ್ದು 1942ರಲ್ಲಿ. ರಕ್ತದೊತ್ತಡಕ್ಕೆಂದು 1979ರಲ್ಲಿ ಬಂದ ಮಿನಾಕ್ಸಿಡಿಲ್ ಗುಳಿಗೆ ನುಂಗಿದವರ ಮೈಯೆಲ್ಲ ಕೂದಲಾಯಿತು. 1988ರಲ್ಲಿ ಅದೇ ತಲೆಗೆ ಹಚ್ಚುವ ಮದ್ದಾಯಿತು. ಪ್ರಾಸ್ಟೇಟ್ ಗ್ರಂಥಿಗೆಂದು ಬಂದ ಫಿನಾಸ್ಟರೈಡ್ 1997ರಲ್ಲಿ ಬೋಳಿಗೂ ಬಂತು. ಒಂದು ಬೇರನ್ನು ಎಬ್ಬಿಸುತ್ತದೆ, ಇನ್ನೊಂದು ಹಾರ್ಮೋನನ್ನು ತಡೆಯುತ್ತದೆ. ಅದಕ್ಕೇ ಡಾಕ್ಟರರು ಎರಡನ್ನೂ ಕೂಡಿಸಿ ಕೊಡುತ್ತಾರೆ. ಬಿಟ್ಟರೆ ಕೆಲವೇ ತಿಂಗಳಲ್ಲಿ ಬಂದದ್ದು ಹೋಗುತ್ತದೆ. ಬಸುರಿಯರು ಫಿನಾಸ್ಟರೈಡ್ ತೆಗೆದುಕೊಳ್ಳಲೇಬಾರದು.

2013ರಲ್ಲಿ ಮುಂಬಯಿಯ ವೈದ್ಯೆ ರಚಿತಾ ಧುರತ್ ಮತ್ತು ಸಂಗಡಿಗರು ಇಂಥ ನೂರು ಗಂಡಸರನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಮಿನಾಕ್ಸಿಡಿಲ್ ಮಾತ್ರ. ಇನ್ನೊಂದಕ್ಕೆ ಅದರ ಜೊತೆ ವಾರಕ್ಕೊಮ್ಮೆ ನೆತ್ತಿಯನ್ನು ಸಣ್ಣ ಸೂಜಿಗಳಿಂದ ಚುಚ್ಚುವುದು. 12 ವಾರಕ್ಕೆ ಕೂದಲಿನ ಎಣಿಕೆ ಮೊದಲ ಪಾಲಿನಲ್ಲಿ ಸರಾಸರಿ 22 ಏರಿತು, ಎರಡನೆಯದರಲ್ಲಿ 91. ರೋಗ ಬೇರೆ, ಮದ್ದು ಬೇರೆ. ಆದರೂ ಇದನ್ನು ಓದುವಾಗ ನನಗೆ ಸುಶ್ರುತನ ಗೀರುವಿಕೆಯೂ ಹಕೀಮರ ಒರಟು ಬಟ್ಟೆಯೂ ನೆನಪಾದವು.

ಅದೇ ಒರಟು ಬಟ್ಟೆ ಇನ್ನೊಂದು ತಲೆಗೆ ಕೇಡು. ಒಂದೇ ಟೋಪಿ, ಒಂದೇ ಟವೆಲ್ ಹಂಚಿಕೊಳ್ಳುವ ಮಕ್ಕಳ ತಲೆಯಲ್ಲಿ ಹೊಟ್ಟು ಎದ್ದು, ಕೂದಲು ಮುರಿದು ಬೋಳಾದರೆ ಅದು ನರಿಯಲ್ಲ, ಬೂಸು. ಉಜ್ಜಿದರೆ ಹರಡುತ್ತದೆ, ಬರೀ ಹಚ್ಚುವ ಮುಲಾಮಿಗೆ ಹೋಗದು, ಗುಳಿಗೆ ನುಂಗಲೇಬೇಕು. ತಡಮಾಡಿದರೆ ಕಲೆಗಟ್ಟಿ ಅಲ್ಲಿ ಮುಂದೆಂದೂ ಕೂದಲು ಬಾರದಿರಬಹುದು. ಹಕೀಮರು ‘ಹೊಟ್ಟು ಏಳುತ್ತದೆಯೆ’ ಎಂದು ಕೇಳಿದ್ದು ಸುಮ್ಮನೆ ಅಲ್ಲ.

ಫೂಫಿಯ ಕೂದಲು ನಾಲ್ಕು ತಿಂಗಳಿಗೆ ಬಂತು. ಮೊದಲು ಬೆಳ್ಳಗೆ ಬಂದದ್ದು ನೋಡಿ ದಾದಿ ಮತ್ತೆ ಅತ್ತರಂತೆ. ಈ ರೋಗದಲ್ಲಿ ಹಾಗೆ ಬೆಳ್ಳಗೆ ಬಂದು ಆಮೇಲೆ ಕಪ್ಪಾಗುವುದು ಸಾಮಾನ್ಯ. ಉಳ್ಳಾಗಡ್ಡಿಯಿಂದ ಬಂತೋ, ತಾನಾಗಿ ಬಂತೋ, ಹೇಳಲು ಪಕ್ಕದಲ್ಲಿ ನಲ್ಲಿ ನೀರು ಹಚ್ಚಿಕೊಂಡ ಇನ್ನೊಬ್ಬ ಹುಡುಗಿ ಇರಲಿಲ್ಲ. ಮದುವೆಯಾಗಿ ಬೀಳಗಿಗೆ ಹೋದರು.

ಹೋದ ವರ್ಷ ನಾನು ಬೀಳಗಿಗೆ ಹೋದಾಗ ಅವರ ಮೊಮ್ಮಗಳು ಬಾಚಣಿಗೆ ತುಂಬ ಬಂದ ಕೂದಲು ಹಿಡಿದು ಅಳುತ್ತಿದ್ದಳು. ಮೊಬೈಲಿನಲ್ಲಿ ಜಾಹೀರಾತು ನೋಡಿ ತರಿಸಿದ ಉಳ್ಳಾಗಡ್ಡಿ ಎಣ್ಣೆಯ ಮೂರು ಬಾಟಲಿ ಕಿಟಕಿಯಲ್ಲಿದ್ದವು. ಫೂಫಿ ಅವಳ ತಲೆಯನ್ನು ಬೆಳಕಿಗೆ ತಿರುಗಿಸಿ, ಬೈತಲೆ ಬಿಡಿಸಿ ನೋಡಿದರು. ಎಲ್ಲೂ ಬೋಳಿರಲಿಲ್ಲ. ಹೆರಿಗೆಯಾಗಿ ಎಷ್ಟು ದಿನವಾಯಿತು ಎಂದು ಬೆರಳಲ್ಲಿ ಎಣಿಸಿದರು, ಮೂರೂವರೆ ತಿಂಗಳು. ಬಾಟಲಿಗಳನ್ನು ತೆಗೆದು ಕಪಾಟಿನ ಮೇಲಿಟ್ಟು, ‘ಮಗು ನಿನ್ನ ಗುರುತು ಹಿಡಿಯುತ್ತದೇನು?’ ಎಂದು ಕೇಳಿದರು. ಹಿಡಿಯುತ್ತದೆ ಎಂದಳು ಹುಡುಗಿ. ‘ಅದು ತಾಯಿಯ ಗುರುತು ಹಿಡಿಯುವ ಹೊತ್ತಿಗೇ ಉದುರುವುದು. ರಕ್ತ ಕಡಿಮೆ ಆಗಿದೆಯೇನೋ ನಾಳೆ ದವಾಖಾನೆಯಲ್ಲಿ ತೋರಿಸಿಕೊಂಡು ಬಾ, ಬೇಟಿ’ ಎಂದು ಮಗುವನ್ನು ಎತ್ತಿಕೊಂಡರು.