ಒಂದು ಪೌಂಡು ಧಾನ್ಯದ ಲೆಕ್ಕ

ಹಳೇ ಮೈಸೂರು ಸೀಮೆಯ ಹಿರಿಯರ ಬಾಯಲ್ಲಿ ಬಹುಕಾಲ 'ಧಾತು ಈಶ್ವರದ ಬರ' ಎಂಬ ಮಾತು ಉಳಿದಿತ್ತು. ಚಿಕ್ಕಂದಿನಲ್ಲಿ ಅದು ಯಾವುದೋ ದೇವರ ಹೆಸರೆಂದು ನಾನು ತಿಳಿದಿದ್ದೆ. ಅವು ಎರಡು ಸಂವತ್ಸರಗಳ ಹೆಸರು, 1876ರಿಂದ 1878ರವರೆಗಿನ ಕಾಲ. ತಟ್ಟೆಯಲ್ಲಿ ಅನ್ನ ಬಿಟ್ಟು ಏಳುವ ಮಕ್ಕಳಿಗೆ ಹಿಂದೂಗಳ ಮನೆಯಲ್ಲೂ ಮುಸಲ್ಮಾನರ ಮನೆಯಲ್ಲೂ ಆ ಬರದ ನೆನಪಿನಿಂದಲೇ ಗದರಿಕೆ ಬೀಳುತ್ತಿತ್ತು. ಗದರುವವರು ಅದನ್ನು ಕಂಡವರಲ್ಲ, ಕಂಡವರಿಂದ ಕೇಳಿದವರು.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412 ಇತ್ತು. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ 41,86,188 ಮಂದಿ ಸಿಕ್ಕರು. ಮಧ್ಯೆ ಹುಟ್ಟಬೇಕಾಗಿದ್ದವರನ್ನು ಬಿಟ್ಟು ಲೆಕ್ಕ ಹಾಕಿದರೂ ಎಂಟು ಲಕ್ಷ ಅರವತ್ತೊಂಬತ್ತು ಸಾವಿರ ಜನ ಕಡಿಮೆ. ಬಳ್ಳಾರಿ, ಧಾರವಾಡ, ಅಂದಿನ ಕಲಾದಗಿ ಜಿಲ್ಲೆಗಳ ಕಥೆಯೂ ಬೇರೆಯಲ್ಲ.

ಮಳೆ ಕೈಕೊಟ್ಟದ್ದು ನಿಜ. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಮಳೆಯ ಕಥೆಯನ್ನಲ್ಲ, ಕಚೇರಿಗಳ ಕಥೆಯನ್ನು. ಆ ಎರಡು ವರ್ಷಗಳಲ್ಲಿ ಕಲ್ಕತ್ತಾ, ಮದ್ರಾಸು, ಲಂಡನ್ನಿನ ಕಚೇರಿಗಳಲ್ಲಿ ಅರ್ಥಶಾಸ್ತ್ರದ ಒಂದು ವಾದ ನಡೆಯಿತು. ಹಸಿದ ಮನುಷ್ಯನ ಬಗ್ಗೆ ಸರ್ಕಾರ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಆ ವಾದದ ವಿಷಯ. ವಾದದಲ್ಲಿ ಗೆದ್ದವರು ಒಂದು ಕಡೆ ಉಳಿದರು, ಸತ್ತವರು ಇನ್ನೊಂದು ಕಡೆ.

ಆಡಂ ಸ್ಮಿತ್ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ್ದು 1776ರಲ್ಲಿ, ಈ ಬರ ಶುರುವಾಗುವುದಕ್ಕೆ ಸರಿಯಾಗಿ ನೂರು ವರ್ಷ ಮೊದಲು. ಧಾನ್ಯ ವ್ಯಾಪಾರದ ಬಗ್ಗೆ ಅದರಲ್ಲಿ ಒಂದು ದೀರ್ಘ ಪ್ರಸ್ತಾಪವಿದೆ. ಬೆಳೆ ಕಡಿಮೆಯಾದಾಗ ವ್ಯಾಪಾರಿ ಬೆಲೆ ಏರಿಸುತ್ತಾನೆ, ಅದರಿಂದ ಜನ ಮಿತವಾಗಿ ತಿನ್ನುತ್ತಾರೆ, ಇದ್ದದ್ದು ವರ್ಷದ ಕೊನೆಯವರೆಗೂ ಬರುತ್ತದೆ. ಸರ್ಕಾರ ನಡುವೆ ಕೈ ಹಾಕಿದಾಗಲೇ ಅಭಾವವು ಕ್ಷಾಮವಾಗುತ್ತದೆ ಎಂಬುದು ಅವನ ತರ್ಕ. ಸಿವಿಲ್ ಅಧಿಕಾರಿಗಳನ್ನು ತಯಾರುಮಾಡಲು ಈಸ್ಟ್ ಇಂಡಿಯಾ ಕಂಪನಿ ಇಂಗ್ಲೆಂಡಿನ ಹೈಲಿಬರಿಯಲ್ಲಿ ನಡೆಸುತ್ತಿದ್ದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಡ್ಡಾಯ ಪಾಠವಾಗಿತ್ತು. 1805ರಿಂದ ಅಲ್ಲಿ ಪಾಠ ಹೇಳಿದವನು ಸಾಕ್ಷಾತ್ ಮಾಲ್ತಸ್. ಹೀಗೆ ಪುಸ್ತಕದ ತರ್ಕ ಹಡಗು ಹತ್ತಿ ಬಂದು ಇಲ್ಲಿ ಆಡಳಿತದ ನಿಯಮವಾಯಿತು. ವಿಪರ್ಯಾಸವೆಂದರೆ ಅದೇ ಪ್ರಸ್ತಾಪದಲ್ಲಿ ಸ್ಮಿತ್ ಬಂಗಾಳದ ಕ್ಷಾಮವನ್ನು ಉದಾಹರಿಸಿ, ಅಕ್ಕಿ ವ್ಯಾಪಾರದ ಮೇಲೆ ಕಂಪನಿಯ ನೌಕರರು ಹೇರಿದ ಅವಿವೇಕದ ನಿರ್ಬಂಧಗಳೇ ಅಭಾವವನ್ನು ಕ್ಷಾಮ ಮಾಡಿರಬಹುದೆಂದು ದೂರಿದ್ದ. ಕಂಪನಿಯ ಮೇಲಿನ ದೂರು ಮರೆತುಹೋಯಿತು. ಕೈ ಕಟ್ಟಿ ಕೂರಲು ಅನುಕೂಲವಾದ ಮಾತು ಮಾತ್ರ ಉಳಿಯಿತು.

ಆ ಮಾತಿನ ಬೆಲೆ ಮೊದಲು ತೆತ್ತದ್ದು ಒರಿಸ್ಸಾ. 1866ರಲ್ಲಿ ಅಲ್ಲಿ ಧಾನ್ಯ ತರಿಸಲು ಸರ್ಕಾರ ಒಪ್ಪಲಿಲ್ಲ. ಬೆಲೆ ಏರಿದರೆ ವ್ಯಾಪಾರಿಗಳೇ ತರುತ್ತಾರೆಂದು ಕಾದರು. ಮನಸ್ಸು ಬದಲಾಯಿಸುವ ಹೊತ್ತಿಗೆ ಮಳೆಗಾಲ ಬಂದು ಕಡಲ ದಾರಿ ಮುಚ್ಚಿತ್ತು. ಸುಮಾರು ಹತ್ತು ಲಕ್ಷ ಜನ, ಅಲ್ಲಿನ ಮೂರನೆಯ ಒಂದು ಪಾಲು, ಸತ್ತುಹೋದರು. ಆಗ ಭಾರತ ಸಚಿವನಾಗಿದ್ದ ಸ್ಯಾಲಿಸ್ಬರಿ ಎರಡು ತಿಂಗಳು ಏನೂ ಮಾಡದೆ ಕುಳಿತದ್ದಕ್ಕೆ ಮುಂದೆ ಪಶ್ಚಾತ್ತಾಪ ಪಟ್ಟ.

ಪಶ್ಚಾತ್ತಾಪಕ್ಕೆ ಒಂದು ಫಲವೂ ಇತ್ತು. 1873-74ರಲ್ಲಿ ಬಿಹಾರದಲ್ಲಿ ಮಳೆ ತಪ್ಪಿದಾಗ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರ್ಮಾದಿಂದ ಸುಮಾರು ನಾಲ್ಕೂವರೆ ಲಕ್ಷ ಟನ್ ಅಕ್ಕಿ ತರಿಸಿದ. ಕೆಲಸ ಕೊಟ್ಟ, ಕೆಲಸ ಮಾಡಲಾಗದವರಿಗೆ ಧಾನ್ಯ ಕೊಟ್ಟ. ಹಸಿವಿನಿಂದ ಸತ್ತವರು ಇಲ್ಲವೆನ್ನುವಷ್ಟು ಕಡಿಮೆ. ಖರ್ಚು ಆರೂವರೆ ಕೋಟಿ ರೂಪಾಯಿ. ಕೊನೆಗೆ ಒಂದು ಲಕ್ಷ ಟನ್ ಧಾನ್ಯ ಮಿಕ್ಕಿತು. ಇಷ್ಟು ಜನರನ್ನು ಉಳಿಸಿದವನಿಗೆ ಸನ್ಮಾನ ಸಿಗಬೇಕಿತ್ತು ಎಂದು ನೀವು ಅಂದುಕೊಳ್ಳಬಹುದು. ಸಿಕ್ಕಿದ್ದು ಛೀಮಾರಿ. ಮಿಕ್ಕ ಧಾನ್ಯವೇ ದುಂದುವೆಚ್ಚಕ್ಕೆ ಸಾಕ್ಷಿಯಾಯಿತು. ಸರ್ಕಾರ ತಮ್ಮನ್ನು ಸಾಕುತ್ತದೆಂಬ ಪಾಠವನ್ನು ಭಾರತೀಯರಿಗೆ ಕಲಿಸಿಬಿಟ್ಟಿರಿ ಎಂದು ಲಂಡನ್ನಿನ ಪತ್ರಿಕೆಗಳು ಬರೆದವು. ಸಾಯದೇ ಉಳಿದವರನ್ನು ಯಾವ ಖಾತೆಯಲ್ಲಿ ಬರೆಯಬೇಕೆಂದು ಯಾರಿಗೂ ತಿಳಿದಿರಲಿಲ್ಲ.

ಮೂರು ವರ್ಷ ಕಳೆಯಿತು. 1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಘೋಷಿಸಿದ. ಅದೇ ಹೊತ್ತಿಗೆ ದಕ್ಷಿಣದಲ್ಲಿ ಜನ ಊರು ಬಿಟ್ಟು ನಡೆಯುತ್ತಿದ್ದರು. ಮದ್ರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಒಂದು ವ್ಯಾಪಾರಿ ಸಂಸ್ಥೆಯ ಮೂಲಕ ಗುಟ್ಟಾಗಿ 30,000 ಟನ್ ಧಾನ್ಯ ಖರೀದಿಸಿದ್ದ. ಇದರಿಂದ ಖಾಸಗಿ ವ್ಯಾಪಾರಕ್ಕೆ ಅಡ್ಡಿಯಾಗುತ್ತದೆ ಎಂದು ಲಿಟ್ಟನ್ ಸರ್ಕಾರ ಆಕ್ಷೇಪಿಸಿತು. ಖರ್ಚನ್ನು ಹಿಡಿತಕ್ಕೆ ತರಲು ದಕ್ಷಿಣಕ್ಕೆ ಒಬ್ಬ ಅಧಿಕಾರಿಯನ್ನು ಕಳಿಸಲಾಯಿತು. ಅವನು ಬೇರಾರೂ ಅಲ್ಲ, ಅದೇ ಟೆಂಪಲ್.

ಕಥೆ ಬರೆಯುವವನಾದ ನನಗೆ ಈ ಮನುಷ್ಯನ ಮೇಲೆ ಒಂದು ಕುತೂಹಲವಿದೆ. ಜನರನ್ನು ಉಳಿಸುವುದು ಹೇಗೆಂದು ಅವನಿಗೆ ಗೊತ್ತಿತ್ತು, ಒಮ್ಮೆ ಉಳಿಸಿಯೂ ಇದ್ದ. ಈ ಬಾರಿ ಅವನು ತನ್ನ ಹೆಸರಿಗಂಟಿದ ದುಂದಿನ ಕಲೆ ತೊಳೆದುಕೊಳ್ಳಲು ಹೊರಟಿದ್ದ. ಪರಿಹಾರದ ಕಾಮಗಾರಿಗಳಲ್ಲಿ ದಿನವಿಡೀ ಕಲ್ಲು ಒಡೆಯುವ, ಮಣ್ಣು ಹೊರುವ ಗಂಡಸಿಗೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಒಂದಾಣೆ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಒಂದು ಪೌಂಡು ಎಂದರೆ ಇಂದಿನ ಲೆಕ್ಕದಲ್ಲಿ 450 ಗ್ರಾಂ, ನಮ್ಮ ಹಳೆಯ ತೂಕದಲ್ಲಿ ಸರಿಸುಮಾರು ಅರ್ಧ ಸೇರು. ನಿಜವಾಗಿ ಹಸಿದವರು ಮಾತ್ರ ಬರಲಿ ಎಂದು ದೂರದ ಪರೀಕ್ಷೆಯನ್ನೂ ಇಟ್ಟರು. ಮನೆಯ ಹತ್ತಿರ ಕೆಲಸವಿಲ್ಲ, ದೂರದ ಶಿಬಿರಕ್ಕೆ ನಡೆದು ಹೋಗಿ ಅಲ್ಲೇ ಇರಬೇಕು. ನಡೆಯಲಾರದಷ್ಟು ಹಸಿದವನು ಈ ಪರೀಕ್ಷೆಯಲ್ಲಿ ಅನುತ್ತೀರ್ಣ! ಇಷ್ಟು ಧಾನ್ಯದಲ್ಲಿ ಜೀವ ಹಿಡಿದುಕೊಳ್ಳಬಹುದೇ ಎಂಬುದನ್ನು ಪ್ರಯೋಗ ಮಾಡಿ ನೋಡಬಹುದು ಎಂಬುದು ಟೆಂಪಲ್‌ನ ನಿಲುವಾಗಿತ್ತು. ಬೊಂಬಾಯಿ ಪ್ರಾಂತ್ಯದಲ್ಲಿ ಸಾವಿರಾರು ಕೂಲಿಗಳು ಈ ಕೂಲಿ ಬೇಡವೆಂದು ಕಾಮಗಾರಿ ಬಿಟ್ಟು ಹೊರಟುಹೋದರು. ಹಸಿದವರ ಮುಷ್ಕರವೊಂದು ನಮ್ಮ ನೆಲದಲ್ಲಿ ನಡೆದಿತ್ತೆಂಬುದು ಶಾಲೆಯ ಪುಸ್ತಕಗಳಲ್ಲಿ ನನಗೆಂದೂ ಸಿಗಲಿಲ್ಲ.

ಟೆಂಪಲ್‌ಗೆ ಎದುರು ನಿಂತವನು ಕ್ರಾಂತಿಕಾರಿಯೇನಲ್ಲ, ಮದ್ರಾಸಿನ ಸ್ಯಾನಿಟರಿ ಕಮಿಷನರ್ ಕಾರ್ನಿಷ್ ಎಂಬ ವೈದ್ಯ. ಪ್ರಾಂತ್ಯದ ಜನ ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ ಎಂದು ಮೊದಲೇ ಅಧ್ಯಯನ ಮಾಡಿದ್ದವನು. ಅವನೂ ದಯೆಯ ಮಾತು ಆಡಲಿಲ್ಲ, ಲೆಕ್ಕದ ಮಾತನ್ನೇ ಆಡಿದ. ದುಡಿಯುವ ದೇಹಕ್ಕೆ ಕನಿಷ್ಠ ಒಂದೂವರೆ ಪೌಂಡು ಧಾನ್ಯ ಬೇಕು, ಜೊತೆಗೆ ಬೇಳೆ, ತರಕಾರಿ ಬೇಕು. ಸುಮ್ಮನೆ ಕುಳಿತವನನ್ನು ಕೆಲಕಾಲ ಉಳಿಸುವ ಆಹಾರ ಕಲ್ಲು ಒಡೆಯುವವನನ್ನು ಉಳಿಸಲಾರದು ಎಂದು ವಾದಿಸಿದ. 1877ರ ಮಾರ್ಚಿನಲ್ಲಿ ಮದ್ರಾಸ್ ಸರ್ಕಾರ ಅರ್ಧ ದಾರಿ ಬಂತು. ಒಂದೂಕಾಲು ಪೌಂಡು ಧಾನ್ಯ, ಒಂದಿಷ್ಟು ಬೇಳೆ. ಮೊದಲ ಅಳತೆಯಲ್ಲಿ ಕಳೆದ ದಿನಗಳಿಗೆ ಇದರಿಂದ ಪರಿಹಾರ ಸಿಗಲಿಲ್ಲ.

ಮೈಸೂರು ಆಗ ಅರಸರ ಕೈಯಲ್ಲಿರಲಿಲ್ಲ. 1831ರಿಂದ ಬ್ರಿಟಿಷ್ ಕಮಿಷನರುಗಳ ಆಡಳಿತ. ಇಲ್ಲಿ ಗಂಜಿ ಕೇಂದ್ರಗಳು ತುಂಬಿ ತುಳುಕಿದವು. 1877ರಲ್ಲಿ ಚಾರ್ಲ್ಸ್ ಎಲಿಯಟ್ ಎಂಬವನು ಕ್ಷಾಮದ ಕಮಿಷನರ್ ಆಗಿ ಬಂದು, ಗಂಜಿಗೆ ಕಾದಿದ್ದವರಲ್ಲಿ ಶಕ್ತಿಯಿದ್ದವರನ್ನು ದೊಡ್ಡ ಕಾಮಗಾರಿಗಳಿಗೆ ಕಳಿಸುವ ವ್ಯವಸ್ಥೆ ಮಾಡಿದ. ಬೆಂಗಳೂರು-ಮೈಸೂರು ರೈಲು ದಾರಿಯ ಮಣ್ಣು ಕೆಲಸ ಶುರುವಾದದ್ದು ಈ ಹಸಿದ ಕೈಗಳಿಂದ. ರೈಲು ಮೈಸೂರು ಮುಟ್ಟಿದ್ದು 1882ರಲ್ಲಿ. ಬರಕ್ಕೆ ಮುಂಚೆ ಖಜಾನೆಯಲ್ಲಿದ್ದ ಉಳಿತಾಯವೆಲ್ಲ ಕರಗಿತು. 1881ರಲ್ಲಿ ಸಂಸ್ಥಾನವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿಸುವಾಗ ಅದರ ಜೊತೆ 80 ಲಕ್ಷ ರೂಪಾಯಿ ಸಾಲವನ್ನೂ ಒಪ್ಪಿಸಲಾಯಿತು. ಸತ್ತವರ ಬರದ ಸಾಲವನ್ನು ಬದುಕಿದವರು ತೀರಿಸಬೇಕಾಯಿತು.

ರೈಲೋ ನೀರೋ ಎಂಬ ಚರ್ಚೆಯೂ ಆಗಲೇ ಎದ್ದಿತು. ಗೋದಾವರಿಗೆ ಅಣೆಕಟ್ಟು ಕಟ್ಟಿದ ಆರ್ಥರ್ ಕಾಟನ್, ರೈಲಿಗೆ ಸುರಿದ ಹಣದ ಒಂದು ಪಾಲನ್ನು ಕಾಲುವೆಗಳಿಗೆ ಹಾಕಿದ್ದರೆ ಇಷ್ಟು ಜನ ಸಾಯುತ್ತಿರಲಿಲ್ಲ ಎಂದು ಹಟ ಹಿಡಿದು ವಾದಿಸಿದ. ಮೈಸೂರಿನಲ್ಲಿ ಇನ್ನೊಂದು ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು ಎಂಜಿನಿಯರ್ ಸ್ಯಾಂಕಿ 1866ರಲ್ಲೇ ಬರೆದಿದ್ದ. ಅಷ್ಟು ಕೆರೆಗಳಿದ್ದ ಸೀಮೆಯಲ್ಲೇ ಬರ ಬಂತು. ರೈಲು ಧಾನ್ಯ ತರುತ್ತದೆ, ಹಾಗೆಯೇ ಕೊಂಡೊಯ್ಯುತ್ತದೆ. ಎಲ್ಲಿ ಹೆಚ್ಚು ಬೆಲೆಯೋ ಅಲ್ಲಿಗೆ ಅದರ ಪಯಣ. 1877-78ರಲ್ಲಿ ಈ ದೇಶದಿಂದ ಇಂಗ್ಲೆಂಡಿಗೆ ಹೋದ ಗೋಧಿ 3,20,000 ಟನ್ ಎಂಬ ಲೆಕ್ಕವಿದೆ.

ಸರ್ಕಾರ ಮಾರುಕಟ್ಟೆಗೆ ಕೈ ಹಾಕಿದ ಉದಾಹರಣೆ ಈ ದೇಶದಲ್ಲಿ ಇರಲಿಲ್ಲವೆಂದಲ್ಲ. ಅಲಾವುದ್ದೀನ್ ಖಿಲ್ಜಿ ದೆಹಲಿಯಲ್ಲಿ ಒಂದು ಮಣ ಗೋಧಿಗೆ ಏಳೂವರೆ ಜಿತಲ್ ಎಂದು ಬೆಲೆ ಕಟ್ಟಿ, ಸರ್ಕಾರಿ ಕಣಜಗಳಲ್ಲಿ ಧಾನ್ಯ ತುಂಬಿಸಿ, ಮಳೆ ಬಾರದ ವರ್ಷವೂ ಬೆಲೆ ಏರಗೊಡಲಿಲ್ಲವೆಂದು ಬರನಿ ಬರೆದಿದ್ದಾನೆ. ಇದನ್ನು ಹೆಮ್ಮೆಯಿಂದ ಉದ್ಧರಿಸುವವರು ನಮ್ಮಲ್ಲಿದ್ದಾರೆ. ಆದರೆ ದೆಹಲಿ ಅಗ್ಗವಾಗಿ ಉಂಡದ್ದು ದೋಆಬಿನ ರೈತನ ಅರ್ಧ ಬೆಳೆಯನ್ನು ಎಂಬುದೂ ಬರನಿಯ ಪುಟಗಳಲ್ಲೇ ಇದೆ.

ಭಾರತೀಯರು ಈ ಹೊತ್ತಿಗೆ ತಾವೂ ಲೆಕ್ಕ ಹಾಕತೊಡಗಿದ್ದರು. 1876ರಲ್ಲೇ ದಾದಾಭಾಯಿ ನವರೋಜಿ ಭಾರತದ ಬಡತನದ ಬಗ್ಗೆ ಪ್ರಬಂಧ ಓದಿದರು. ಬಳಸಿದ್ದೆಲ್ಲ ಸರ್ಕಾರದ್ದೇ ಅಂಕಿಅಂಶ. ಭಾರತೀಯನೊಬ್ಬನ ವರ್ಷದ ಸರಾಸರಿ ಉತ್ಪತ್ತಿ 20 ರೂಪಾಯಿ ಎಂದು ಲೆಕ್ಕ ತೆಗೆದು, ಜೈಲಿನ ಕೈದಿಯ ಅನ್ನ ಬಟ್ಟೆಗೆ ಸರ್ಕಾರವೇ ಮಾಡುವ ಖರ್ಚನ್ನು ಅದರ ಪಕ್ಕದಲ್ಲಿಟ್ಟರು. ಕೈದಿಯ ಖರ್ಚೇ ಹೆಚ್ಚು! ತಪ್ಪು ಮಾಡದೆ ಹೊರಗಿರುವವನು ಜೈಲಿನವನಷ್ಟೂ ಉಣ್ಣುವಂತಿಲ್ಲ ಎಂದ ಮೇಲೆ ಬೇರೆ ಭಾಷಣ ಬೇಕಿರಲಿಲ್ಲ.

ಉರ್ದುವಿನಲ್ಲಿ ಅರ್ಥಶಾಸ್ತ್ರಕ್ಕೆ 'ಮಆಶಿಯಾತ್' ಎನ್ನುತ್ತಾರೆ. 'ಮಆಶ್' ಎಂದರೆ ಹೊಟ್ಟೆಪಾಡು. ಕವಿ ಇಕ್ಬಾಲರ ಮೊದಲ ಪುಸ್ತಕ ಕವಿತೆಗಳದ್ದಲ್ಲ, 'ಇಲ್ಮುಲ್ ಇಕ್ತಿಸಾದ್' ಎಂಬ ಅರ್ಥಶಾಸ್ತ್ರದ ಪುಸ್ತಕ ಎಂದು ನಾನು ಹೇಳಿದಾಗ ಮುಶಾಯಿರಾ ಮೆಚ್ಚುವ ಗೆಳೆಯರು ನಂಬುವುದಿಲ್ಲ. ಬಡತನ ಇಲ್ಲದ ಲೋಕ ಸಾಧ್ಯವೇ ಎಂಬುದು ಅದರ ಮುನ್ನುಡಿಯಲ್ಲೇ ಅವರನ್ನು ಕಾಡಿದ ಪ್ರಶ್ನೆ.

ಬರ ಮುಗಿದ ಮೇಲೆ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯಲ್ಲಿ ಕ್ಷಾಮ ಆಯೋಗ ಬಂತು. ಮೈಸೂರಿನಲ್ಲಿ ಕಂಡದ್ದನ್ನೆಲ್ಲ ಹೊತ್ತುಕೊಂಡ ಎಲಿಯಟ್ ಅದರ ಕಾರ್ಯದರ್ಶಿಯಾದ. 1880ರ ಅದರ ವರದಿಯಲ್ಲಿ ಒಂದು ಮುಖ್ಯ ಮಾತು ಇದೆ. ಮಳೆ ಹೋದರೆ ಮೊದಲು ಹೋಗುವುದು ಹೊಲದ ಕೆಲಸ, ಕೆಲಸ ಹೋದರೆ ಕೂಲಿ, ಕೂಲಿ ಹೋದವನಿಗೆ ಅಂಗಡಿಯಲ್ಲಿ ಧಾನ್ಯ ಇದ್ದರೂ ಇಲ್ಲ. ಆದ್ದರಿಂದ ಸರ್ಕಾರ ಕೆಲಸ ಕೊಡಬೇಕು, ದುಡಿಯಲಾಗದವರಿಗೆ ಸುಮ್ಮನೆ ಕೊಡಬೇಕು. ಧಾನ್ಯದ ವ್ಯಾಪಾರಕ್ಕೆ ಕೈ ಹಾಕಬಾರದೆಂಬ ಹಳೆಯ ನಂಬಿಕೆ ಹಾಗೇ ಉಳಿಯಿತು. ಆಯೋಗದೊಳಗೇ ಕೇರ್ಡ್ ಮತ್ತು ಸಲಿವನ್ ಎಂಬ ಇಬ್ಬರು ಸದಸ್ಯರು ಭಿನ್ನಮತ ಬರೆದರು. 1883ರಲ್ಲಿ ಇದೆಲ್ಲ 'ಕ್ಷಾಮ ಸಂಹಿತೆ' ಎಂಬ ನಿಯಮಾವಳಿಯಾಯಿತು. 1970ರ ದಶಕದ ಮಹಾರಾಷ್ಟ್ರದ ಉದ್ಯೋಗ ಖಾತರಿಗೆ, 2005ರಲ್ಲಿ ಸಂಸತ್ತು ಒಪ್ಪಿದ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಗೆ ಹಿಂದಿನ ಬೇರು ಹುಡುಕಿದರೆ ಈ ಸಂಹಿತೆಯೂ ಸಿಗುತ್ತದೆ.

ಆದರೆ ನಿಯಮ ಪುಸ್ತಕದಲ್ಲಿದ್ದರೆ ಸಾಲದು. 1943ರಲ್ಲಿ ಬಂಗಾಳದಲ್ಲಿ ಸುಮಾರು ಮೂವತ್ತು ಲಕ್ಷ ಜನ ಸಾಯುತ್ತಿದ್ದಾಗ ಸರ್ಕಾರ ಕ್ಷಾಮವೆಂದು ಘೋಷಿಸಲೇ ಇಲ್ಲ. ಘೋಷಿಸಿದ್ದರೆ ಸಂಹಿತೆಯಂತೆ ಕೆಲಸ, ಧಾನ್ಯ ಎರಡನ್ನೂ ಕೊಡಬೇಕಾಗುತ್ತಿತ್ತು. 1941ಕ್ಕೆ ಹೋಲಿಸಿದರೆ ಆ ವರ್ಷ ಬಂಗಾಳದಲ್ಲಿ ಆಹಾರ ಕಡಿಮೆಯೇನೂ ಇರಲಿಲ್ಲ, ಅದನ್ನು ಕೊಳ್ಳುವ ಶಕ್ತಿ ಕೂಲಿಕಾರರಿಗೆ, ಮೀನುಗಾರರಿಗೆ ಇಲ್ಲವಾಗಿತ್ತು ಎಂದು 1981ರಲ್ಲಿ ಅಂಕಿಅಂಶಗಳ ಸಮೇತ ತೋರಿಸಿದವರು ಅಮರ್ತ್ಯ ಸೇನ್. ಆ ಕ್ಷಾಮದ ವರ್ಷ ಅವರಿಗೆ ಒಂಬತ್ತು ವಯಸ್ಸು, ಇದ್ದದ್ದು ಶಾಂತಿನಿಕೇತನದಲ್ಲಿ. ಕಲ್ಕತ್ತಾ ಕಡೆಗೆ ನಡೆಯುತ್ತಿದ್ದ ಹಸಿದವರು ಅವರ ಮನೆ ಬಾಗಿಲಿಗೂ ಬರುತ್ತಿದ್ದರು. ಅಜ್ಜ ಆ ಹುಡುಗನ ಕೈಗೆ ಸಿಗರೇಟಿನ ಒಂದು ಸಣ್ಣ ಡಬ್ಬಿ ಕೊಟ್ಟು, ಬಂದವರಿಗೆ ಅದರ ತುಂಬ ಅಕ್ಕಿ ಕೊಡಬಹುದು, ಒಂದು ಕುಟುಂಬಕ್ಕೆ ಒಂದೇ ಡಬ್ಬಿ ಎಂದು ಹೇಳಿದ್ದರು.