ಗೊರಸು ಬಲ್ಲವರು

ಲಾಳ ಎಂದಕೂಡಲೇ ನಮ್ಮ ಕಣ್ಣು ಕಬ್ಬಿಣದ ಮೇಲೆ ಹೋಗುತ್ತದೆ. ಆದರೆ ಕಬ್ಬಿಣ ಬಡಿಯುವುದು ಈ ಕಸುಬಿನ ಕೊನೆಯ ಹಂತ ಮಾತ್ರ. ನಿಜವಾದ ವಿದ್ಯೆ ಇರುವುದು ಗೊರಸು ಕೆತ್ತುವುದರಲ್ಲಿ. ಕುದುರೆಯ ಗೊರಸು ತಿಂಗಳಿಗೆ ಹೆಚ್ಚುಕಡಿಮೆ 8ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಆರೆಂಟು ವಾರಕ್ಕೊಮ್ಮೆ ಅದನ್ನು ಕೆತ್ತಿ ಸಮ ಮಾಡದಿದ್ದರೆ ಮುಂತುದಿ ಉದ್ದವಾಗಿ, ಹಿಮ್ಮಡಿ ಕುಸಿದು, ಭಾರವೆಲ್ಲ ಕೀಲುಗಳ ಮೇಲೆ ಬೀಳುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ನೆಲದಲ್ಲಿ ಈ ವಿದ್ಯೆ ಬಹುಕಾಲ ಬಾಳಿದೆ. ಅದನ್ನು ಬಲ್ಲವರ ಹೆಸರು ಮಾತ್ರ ಎಲ್ಲೂ ದಾಖಲಾಗಲಿಲ್ಲ.

ಗ್ರಂಥಗಳಿಗೇನೂ ಕೊರತೆಯಿರಲಿಲ್ಲ. ಇದೇ ಸೀಮೆಯ ಇಟಗಿಯ ಮಹಾದೇವ ದೇವಾಲಯ 1112ರಲ್ಲಿ ಎದ್ದ ಕಾಲಕ್ಕೇ, ಕಲ್ಯಾಣದ ಚಾಲುಕ್ಯ ಮನೆತನದ ಕೀರ್ತಿವರ್ಮ ಕನ್ನಡದಲ್ಲಿ 'ಗೋವೈದ್ಯ' ಬರೆದ. ಮುಂದೆ ಅಭಿನವಚಂದ್ರ 'ಅಶ್ವವೈದ್ಯ' ಬರೆದ. ದನಕ್ಕೂ ಕುದುರೆಗೂ ಕನ್ನಡದಲ್ಲೇ ವೈದ್ಯಗ್ರಂಥ ಇದ್ದುದು ಹೆಮ್ಮೆಯ ಮಾತು. ಕೈಕೆಲಸದವರ ವಿದ್ಯೆ ಮಾತ್ರ ಅಪ್ಪನಿಂದ ಮಗನಿಗೆ ಅಂಗಳದಲ್ಲೇ ದಾಟುತ್ತಿತ್ತು.

ಕುದುರೆಯ ದೊಡ್ಡ ಯುಗ ಬಂದದ್ದು ವಿಜಯನಗರದೊಂದಿಗೆ. ಗಂಗಾವತಿಯ ಪಕ್ಕದ ಆನೆಗೊಂದಿ ಆ ರಾಜ್ಯದ ತೊಟ್ಟಿಲು. ಅಲ್ಲಿಯ ಅರಸ ಪ್ರತಿವರ್ಷ 13,000 ಕುದುರೆ ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅದಕ್ಕೂ ಹಿಂದಿನ ಅರಸ ಸಾಳುವ ನರಸಿಂಹನಂತೂ ಹಡಗಿನಲ್ಲಿ ಸತ್ತ ಕುದುರೆಗೂ, ಬಾಲ ತಂದು ತೋರಿಸಿದರೆ ಸಾಕು, ಪೂರ್ತಿ ಬೆಲೆ ಕೊಡುತ್ತಿದ್ದನಂತೆ. ಅಷ್ಟು ದುಬಾರಿ ಪ್ರಾಣಿಯನ್ನು ಬದುಕಿಸಿಕೊಳ್ಳುವುದೇ ಕಷ್ಟವಾಗಿತ್ತು. ಹದಿಮೂರನೆಯ ಶತಮಾನದಲ್ಲಿ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ ಒಂದು ಕಟುವಾದ ಮಾತು ಹೇಳುತ್ತಾನೆ: ಕುದುರೆ ಮಾರುವವರು ಲಾಳಗಾರರನ್ನು ಜೊತೆಗೆ ಕರೆತರುತ್ತಿರಲಿಲ್ಲ, ಬರಲೂ ಬಿಡುತ್ತಿರಲಿಲ್ಲ, ಏಕೆಂದರೆ ಕುದುರೆ ಸಾಯುತ್ತಿದ್ದರೆ ವ್ಯಾಪಾರ ನಡೆಯುತ್ತಿತ್ತು. ಗೊರಸು ನೋಡುವವನ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ನೂನಿಜ್ ಅರಮನೆಯ ಸಂಬಳದವರನ್ನು ಎಣಿಸುವಾಗ 1,600 ಕುದುರೆ ಆಳುಗಳನ್ನೂ 300 ತರಬೇತುದಾರರನ್ನೂ ಬೇರೆಬೇರೆ ಹೇಳುತ್ತಾನೆ. ಲಾಳ ಕಟ್ಟುವವನು ಬಡಗಿ, ಕಲ್ಲುಕುಟಿಗರ ಜೊತೆ ಸೇರಿದ ಕಮ್ಮಾರರ ಗುಂಪಿನಲ್ಲೇ ಎಲ್ಲೋ ಇದ್ದಿರಬೇಕು.

ಸಾಮ್ರಾಜ್ಯ ಹೋಯಿತು, ಕುದುರೆ ಕಡಿಮೆಯಾಯಿತು, ಕಸುಬು ಎತ್ತಿನ ಕಾಲಿಗೆ ಇಳಿಯಿತು. ನನ್ನ ದೃಷ್ಟಿಯಲ್ಲಿ ಈ ಸೀಮೆಯ ದೊಡ್ಡ ಅಧ್ಯಾಯ ಇದೇ. ಕುದುರೆಯನ್ನು ನಿಂತಂತೆಯೇ ಕಾಲೆತ್ತಿಸಿ ಲಾಳ ಕಟ್ಟಬಹುದು. ಎತ್ತನ್ನು ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಬಿಗಿದು, ಸೀಳುಗೊರಸಿನ ಒಂದೊಂದು ಹೋಳಿಗೂ ತೆಳು ಪಟ್ಟಿ ಬಡಿಯಬೇಕು. ನಾಲ್ಕು ಕಾಲಿಗೆ ಎಂಟು ಲಾಳ. ಎತ್ತಿನ ಗೊರಸಿನ ಗೋಡೆ ಕುದುರೆಯದಕ್ಕಿಂತ ತೆಳು, ಆದ್ದರಿಂದ ಮೊಳೆ ಕೂದಲೆಳೆಯಷ್ಟು ಒಳಗೆ ವಾಲಿದರೂ ಜೀವದ ಭಾಗಕ್ಕೆ ಚುಚ್ಚಿ ಎತ್ತು ಕುಂಟುತ್ತದೆ. ಇಲ್ಲಿ ನಾಲಬಂದರೆಂಬ, ಲಾಳ ಕಟ್ಟುವ ಮುಸ್ಲಿಂ ಕುಟುಂಬಗಳು ಸಂತೆಯಲ್ಲಿ, ದನದ ಜಾತ್ರೆಯಲ್ಲಿ, ಡಾಂಬರು ರಸ್ತೆಯ ಬದಿಯಲ್ಲಿ ಈ ಕೆಲಸ ಮಾಡುತ್ತ ಬಂದವು. ಕುಷ್ಟಗಿ, ಯಲಬುರ್ಗಾದ ಕಲ್ಲು ನೆಲದಲ್ಲಿ ಗೊರಸು ಸವೆಯುತ್ತದೆ. ತುಂಗಭದ್ರೆಯ ಕಾಲುವೆ ನೀರು ಬಂದ ಗಂಗಾವತಿಯ ಗದ್ದೆಯಲ್ಲಿ ಅದೇ ಗೊರಸು ಕೆಸರಿಗೆ ನೆನೆದು ಮೆತ್ತಗಾಗಿ ಕೊಳೆಯುತ್ತದೆ. ಒಂದೇ ಜಿಲ್ಲೆಯ ಎರಡು ಬೇನೆಗಳಿಗೆ ಎರಡು ಕೈಚಳಕ ಬೇಕು.

ಯುರೋಪಿನಲ್ಲಿ 1761ರಲ್ಲಿ ಲಿಯಾನ್‌ನಲ್ಲಿ ಪಶುವೈದ್ಯ ಶಾಲೆ ಆರಂಭವಾದ ಮೇಲೆ ಗೊರಸಿನ ಒಳರಚನೆ ಪಠ್ಯಕ್ಕೆ ಸೇರಿತು. ನಮ್ಮಲ್ಲಿ ಮುಂಬೈ ಪಶುವೈದ್ಯ ಕಾಲೇಜು 1886ರಲ್ಲಿ, ಹೆಬ್ಬಾಳದ್ದು 1958ರಲ್ಲಿ ಬಂದವು. ಈಗ ಬೀದರಿನಲ್ಲಿ ವಿಶ್ವವಿದ್ಯಾಲಯವೇ ಇದೆ. ಕಾಳು ಅತಿಯಾಗಿ ತಿಂದ ಕುದುರೆಗೆ ಬರುವ ಲ್ಯಾಮಿನೈಟಿಸ್‌ನಲ್ಲಿ ಗೊರಸಿನೊಳಗಿನ ಮೂಳೆಯೇ ತಿರುಗುತ್ತದೆ. ಮುಂತುದಿ ಎಷ್ಟು ತಗ್ಗಿಸಬೇಕೆಂದು ಎಕ್ಸ್‌ರೇ ನೋಡಿ ತೀರ್ಮಾನಿಸುವ ವೈದ್ಯನಿಗೂ ಅರ ಹಿಡಿದ ಕೈ ಬೇಕೇ ಬೇಕು.

ಸೈನ್ಯ ಮತ್ತು ಬೆಂಗಳೂರು, ಮೈಸೂರಿನ ರೇಸ್ ಕ್ಲಬ್ಬುಗಳಲ್ಲಿ ಆ ಕೈಗೆ ಕೆಲಸವಿದೆ. ಕೊಪ್ಪಳದ ಕಡೆ ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾಗಿ, ಆಟೊ ಬಂದು ಟಾಂಗಾ ಹಿಂದೆ ಸರಿಯಿತು. ಆದರೂ ಹಟ್ಟಿ ಬದಲಿಸುವ ಕುರಿಗಾರರ ಹೊರೆ ಕುದುರೆ ಇದೆ, ಮೆರವಣಿಗೆಯ ಕುದುರೆ ಇದೆ, ಕಾರಹುಣ್ಣಿಮೆಗೆ ಸಿಂಗರಿಸುವ ಎತ್ತುಗಳಿವೆ. ತಾಲ್ಲೂಕು ಪಶು ಆಸ್ಪತ್ರೆಗಳು ವಾರಕ್ಕೊಂದು ದಿನ ಸಂತೆಯ ನಾಲಬಂದನನ್ನು ಕರೆಸಿ, ಕೂಲಿ ಕೊಟ್ಟು, ಕುಂಟುವ ಪ್ರಾಣಿಗಳನ್ನು ವೈದ್ಯರ ಜೊತೆಗೇ ತೋರಿಸಬೇಕು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಒಂದು ನೆರಳಿನ ಮರ ಮತ್ತು ಗಟ್ಟಿ ಹಗ್ಗ ಇದ್ದರೆ ಮೊದಲ ವಾರವೇ ಆರಂಭಿಸಬಹುದು.