ಬಿಡುವಿನ ವೇಳೆಯಲ್ಲಿ ಕಟ್ಟಿದ ಕನ್ನಡ ಜಾಲ

ಹೊರನಾಡಿನ ಯಾವ ಕನ್ನಡ ಸಂಘದ ಸದಸ್ಯರ ಪಟ್ಟಿಯನ್ನು ತೆರೆದರೂ ತಂತ್ರಾಂಶ ವೃತ್ತಿಯವರ ಸಂಖ್ಯೆ ಎದ್ದು ಕಾಣುತ್ತದೆ. ಅವರಲ್ಲಿ ಅನೇಕರು ವೆಬ್ ಡೆವಲಪರುಗಳು. ಬ್ಯಾಂಕು, ಆಸ್ಪತ್ರೆ, ಅಂಗಡಿ, ಶಾಲೆಗಳ ಜಾಲತಾಣಗಳನ್ನು ಕಟ್ಟುವವರು, ಕೆಟ್ಟಾಗ ಸರಿಪಡಿಸುವವರು. ಹಗಲಿನ ಆ ಕೆಲಸಕ್ಕೆ ಸಂಬಳವುಂಟು. ಆದರೆ ಸಂಜೆಯ ಹೊತ್ತಿನಲ್ಲಿ, ಶನಿವಾರ ಭಾನುವಾರಗಳಲ್ಲಿ ಇದೇ ಕಸುಬಿನವರು ಒಂದೆಡೆ ಸೇರಿ ನಡೆಸಿಕೊಂಡು ಬಂದ ಇನ್ನೊಂದು ಕೆಲಸವಿದೆ. ಅದಕ್ಕೆ ಸಂಬಳವಿಲ್ಲ, ಬಹಳ ಸಲ ಹೆಸರೂ ಇಲ್ಲ. ಇಂದು ಊರಿನಿಂದ ಅಜ್ಜಿ ಕಳುಹಿಸಿದ ಕನ್ನಡದ ಸಂದೇಶವನ್ನು ನಾವು ಫೋನಿನಲ್ಲಿ ಓದುತ್ತಿದ್ದರೆ ಅದರ ಹಿಂದೆ ಈ ಎರಡನೆಯ ಬಗೆಯ ಕೆಲಸದ ಸುಮಾರು ಮೂರು ದಶಕಗಳ ಇತಿಹಾಸವಿದೆ. ಆ ಇತಿಹಾಸವನ್ನು ನೆನೆಯುವುದು, ಅದರಲ್ಲಿ ಉಳಿದದ್ದು ಯಾವುದು, ಅಳಿದದ್ದು ಯಾವುದು, ಏಕೆ ಎಂದು ವಿಚಾರಿಸುವುದು ಈ ಲೇಖನದ ಉದ್ದೇಶ.

ಜಾಲದ ಹುಟ್ಟುಗುಣ

ವಿಶ್ವವ್ಯಾಪಿ ಜಾಲವು ಹುಟ್ಟಿದ್ದು ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ. ಅಲ್ಲಿ ಕೆಲಸದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು 1989ರ ಮಾರ್ಚ್ ತಿಂಗಳಲ್ಲಿ ಇದರ ಮೊದಲ ಪ್ರಸ್ತಾವವನ್ನು ಬರೆದರು. ಆ ಸಂಸ್ಥೆಯು 1993ರ ಏಪ್ರಿಲ್ 30ರಂದು ಜಾಲದ ಮೂಲ ತಂತ್ರಾಂಶವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಆ ಒಂದು ನಿರ್ಧಾರ ಮುಂದಿನ ಎಲ್ಲಕ್ಕೂ ತಳಹದಿಯಾಯಿತು.

ಜಾಲಪುಟಕ್ಕೆ ಇನ್ನೊಂದು ವಿಶೇಷ ಗುಣವಿತ್ತು. ಪುಟವನ್ನು ಓದುವವನು ಬಯಸಿದರೆ ಅದನ್ನು ಹೇಗೆ ಬರೆದಿದ್ದಾರೆಂಬ ಮೂಲಪಠ್ಯವನ್ನೂ ಬ್ರೌಸರಿನಲ್ಲಿಯೇ ತೆರೆದು ನೋಡಬಹುದಾಗಿತ್ತು. ಕುಶಲಕರ್ಮಿಗಳ ಕೇರಿಯಲ್ಲಿ ಬಾಗಿಲು ತೆರೆದಿಟ್ಟ ಕಮ್ಮಟದಂತೆ ಅದು. ಹಾದುಹೋಗುವವನು ನಿಂತು ನೋಡಿಯೇ ಕಸುಬನ್ನು ಕಲಿಯಬಹುದು. ಮೊದಲ ತಲೆಮಾರಿನ ಜಾಲತಾಣ ನಿರ್ಮಾಪಕರಲ್ಲಿ ಬಹುಮಂದಿ ಕಲಿತದ್ದು ಹೀಗೆಯೇ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಸಿದ್ಧವಾಗಿದ್ದ ಸರ್ವರ್ ತಂತ್ರಾಂಶವು 1994ರಲ್ಲಿ ಅದರ ಮುಖ್ಯ ನಿರ್ಮಾತೃ ಹೊರನಡೆದ ಬಳಿಕ ಪೋಷಣೆಯಿಲ್ಲದೆ ನಿಂತುಹೋಯಿತು. ಅದನ್ನು ಬಳಸುತ್ತಿದ್ದವರು ತಮ್ಮ ತಮ್ಮಲ್ಲೇ ತೇಪೆಗಳನ್ನು ಹಂಚಿಕೊಳ್ಳತೊಡಗಿದರು. 1995ರಲ್ಲಿ ಎಂಟು ಜನ ಒಟ್ಟಾಗಿ ಅಪಾಚೆ ಬಳಗವನ್ನು ರಚಿಸಿದರು. 1996ರ ವೇಳೆಗೆ ಅವರ ಸರ್ವರ್ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದಾಯಿತು. ಈ ಪದ್ಧತಿ ಬೆಂಗಳೂರಿಗೂ ಬಂತು. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಸಮಾವೇಶವನ್ನು ಸ್ವಯಂಸೇವಕರು ಆರಂಭಿಸಿದರು. 2005ರಿಂದ ಅದು ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಕಂಪನಿಯ ಗುರುತಿನ ಚೀಟಿಯನ್ನು ಬದಿಗಿಟ್ಟು, ಕಲಿತದ್ದನ್ನು ಹೇಳುವುದಕ್ಕೂ ತಿಳಿಯದ್ದನ್ನು ಕೇಳುವುದಕ್ಕೂ ಜನ ಸೇರುವ ಅಭ್ಯಾಸ ಇಂತಹ ಕೂಟಗಳಲ್ಲಿ ಬೇರೂರಿತು.

ಅಕ್ಷರದ ತೊಡಕು

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸಂಪರ್ಕ ದೊರೆತದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ ಕನ್ನಡವು ಜಾಲವನ್ನು ಪ್ರವೇಶಿಸಿತು. ಮುಂಬಯಿಯ ಭಾಭಾ ಅಣುಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು. ಬಿ. ಪವನಜ ಅವರು 1996ರಲ್ಲಿ ಆರಂಭಿಸಿದ ‘ವಿಶ್ವಕನ್ನಡ’ವು ಕನ್ನಡದ ಪ್ರಥಮ ಅಂತರಜಾಲ ಪತ್ರಿಕೆಯೆಂದು ಪ್ರಸಿದ್ಧವಾಗಿದೆ. ಅದು ಹೊರಟದ್ದು ಕರ್ನಾಟಕದ ಹೊರಗಿನ ನಗರದಿಂದ, ಬೇರೊಂದು ವೃತ್ತಿಯಲ್ಲಿದ್ದವರ ಕೈಯಿಂದ ಎಂಬುದು ಹೊರನಾಡ ಕನ್ನಡಿಗರಾದ ನಮಗೆ ಗಮನಾರ್ಹ ಸಂಗತಿ.

ಆದರೆ ಬರೆದದ್ದು ಓದುಗನ ಪರದೆಯ ಮೇಲೆ ಕನ್ನಡವಾಗಿಯೇ ಕಾಣಬೇಕಲ್ಲ! ಅಂದಿನ ಫಾಂಟುಗಳಲ್ಲಿ ಇದ್ದದ್ದು ಗರಿಷ್ಠ 256 ಸ್ಥಾನಗಳು. ನಮ್ಮ ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಲೆಕ್ಕ ಹಾಕಿದರೆ ಅಷ್ಟರಲ್ಲಿ ಹಿಡಿಸುವ ಮಾತಿಲ್ಲ. ಆದಕಾರಣ ಅಕ್ಷರಗಳನ್ನು ತುಂಡುಗಳನ್ನಾಗಿ ಮಾಡಿ, ತಲೆಕಟ್ಟು, ಕೊಂಬು, ಒತ್ತುಗಳನ್ನು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸ್ಥಾನಗಳಲ್ಲಿ ಕೂರಿಸಲಾಯಿತು. ಫಾಂಟು ಇದ್ದರೆ ಪುಟ ಕನ್ನಡ. ಇಲ್ಲದಿದ್ದರೆ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಂತೆ. ಒಂದೊಂದು ತಂತ್ರಾಂಶವೂ ತನ್ನದೇ ರೀತಿಯಲ್ಲಿ ತುಂಡುಗಳನ್ನು ಹಂಚಿದ್ದರಿಂದ ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ಓದಲಾಗುತ್ತಿರಲಿಲ್ಲ. ಪದವನ್ನು ಹುಡುಕುವುದಾಗಲಿ, ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವುದಾಗಲಿ ಸಾಧ್ಯವಿರಲಿಲ್ಲ. ಯಂತ್ರದ ಪಾಲಿಗೆ ಅದು ಕನ್ನಡವೇ ಆಗಿರಲಿಲ್ಲ.

ಈ ಕಷ್ಟಕಾಲದಲ್ಲಿ ಕನ್ನಡಕ್ಕೆ ಎರಡು ದೊಡ್ಡ ಉಪಕಾರಗಳಾದವು. ಮೊದಲನೆಯದು ನಾಡೋಜ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಇಂಗ್ಲಿಷಿನ ‘ಕೆ’ ಕೀಲಿಯನ್ನು ಒತ್ತಿದರೆ ಕ, ಶಿಫ್ಟ್ ಜೊತೆಗೆ ಒತ್ತಿದರೆ ಖ; ನಡುವೆ ‘ಎಫ್’ ಕೀಲಿಯನ್ನು ಒತ್ತಿದರೆ ಮುಂದಿನದು ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳ ಸಂಬಂಧವನ್ನೂ ಸಂಯುಕ್ತಾಕ್ಷರದ ನಿಯಮವನ್ನೂ ಅರಿತ ಭಾಷಾಜ್ಞಾನವು ಆ ಸರಳತೆಯ ಹಿಂದಿದೆ. ರಾಯರು ತಮ್ಮ ತಂತ್ರಾಂಶಕ್ಕೆ ಛಂದಸ್ಸು ವ್ಯಾಕರಣಗಳ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು. ವಿನ್ಯಾಸವನ್ನು ತಮ್ಮ ಸ್ವತ್ತೆಂದು ಕಟ್ಟಿಹಾಕದೆ ನಾಡಿಗೆ ಬಿಟ್ಟುಕೊಟ್ಟರು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಅದೇ ವಿನ್ಯಾಸ ಸರ್ಕಾರದ ಶಿಷ್ಟತೆಯಾಗಿ ಕಚೇರಿ ಕಚೇರಿಗೂ ತಲುಪಿತು.

ಎರಡನೆಯದು 1998ರಲ್ಲಿ ಬಂದ ‘ಬರಹ’. ಅಮೆರಿಕದಲ್ಲಿ ತಂತ್ರಾಂಶ ವೃತ್ತಿಯಲ್ಲಿದ್ದ ಶೇಷಾದ್ರಿವಾಸು ಅವರು ಇದನ್ನು ರಚಿಸಿ ಉಚಿತವಾಗಿ ಹಂಚಿದರು. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆಯಂತೆ ಬರೆದರೆ ಕನ್ನಡದಲ್ಲಿ ಮೂಡಿಸುವ ಈ ತಂತ್ರಾಂಶವು ಹೊರನಾಡಿನ ಕನ್ನಡಿಗರಿಗೆ ವರವೇ ಆಯಿತು. ಸಂಘದ ಆಮಂತ್ರಣ ಪತ್ರಿಕೆ, ಯುಗಾದಿಯ ಸಂಚಿಕೆ, ನಾಟಕದ ಪ್ರತಿ, ಮಕ್ಕಳ ಕನ್ನಡ ತರಗತಿಯ ಪಾಠ ಎಲ್ಲವೂ ಮನೆಯ ಮೇಜಿನ ಮೇಲೆಯೇ ಸಿದ್ಧವಾಗತೊಡಗಿದವು. ಅಚ್ಚಿನ ಮೊಳೆಗಳಿಲ್ಲದ ದೇಶದಲ್ಲಿ ಪ್ರತಿ ಮನೆಯೂ ಒಂದು ಕನ್ನಡ ಅಚ್ಚುಕೂಟವಾಯಿತು.

ಎಲ್ಲರಿಗೂ ಒಂದೇ ಸಂಕೇತ

ಆದರೂ ಮೂಲದ ತೊಡಕು ಉಳಿದೇ ಇತ್ತು. ಅದಕ್ಕೆ ಪರಿಹಾರವು ಯುನಿಕೋಡ್ ಎಂಬ ಶಿಷ್ಟತೆಯಲ್ಲಿ 1991ರಿಂದಲೇ ಸಿದ್ಧವಿತ್ತು. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸ್ಥಿರವಾದ ಸಂಖ್ಯೆ. ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳ ಒಂದು ಭಾಗ. ಇಲ್ಲಿ ದಾಖಲಾಗುವುದು ಅಕ್ಷರದ ಚಿತ್ರವಲ್ಲ, ಅಕ್ಷರವೇ. ‘ಕನ್ನಡ’ ಎಂಬ ಪದವು ಕ, ನ, ವಿರಾಮಚಿಹ್ನೆ, ನ, ಡ ಎಂಬ ಐದು ಸಂಕೇತಗಳಾಗಿ ಉಳಿಯುತ್ತದೆ. ಎರಡನೆಯ ನಕಾರವನ್ನು ಒತ್ತಾಗಿ ಕೆಳಗೆ ಬರೆಯುವ ಹೊಣೆ ಪರದೆಯ ಮೇಲೆ ಮೂಡಿಸುವ ತಂತ್ರಾಂಶದ್ದು. ನಾವು ಬಾಲ್ಯದಲ್ಲಿ ಕಲಿತ ಸಂಧಿ ಬಿಡಿಸುವ ಲೆಕ್ಕದಂತೆಯೇ ಇದು.

ಹೇಳಿದಷ್ಟು ಸುಲಭವಾಗಿ ಇದು ಕೈಗೂಡಲಿಲ್ಲ. ವಿಂಡೋಸ್‌ನಲ್ಲಿ ಕನ್ನಡವು ‘ತುಂಗಾ’ ಫಾಂಟಿನೊಡನೆ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಆರಂಭದ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಬದಲು ಚೌಕಗಳು ಕಾಣುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಒತ್ತು ಕೊಂಬುಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವು ಇಂದು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಮೂರರ ಒಳಗೂ ಇದೆ. ಒಂದೆಡೆ ತಿದ್ದಿದ ದೋಷವು ಎಲ್ಲೆಡೆಯೂ ತಿದ್ದಿದಂತಾಗುವುದು ಈ ಪದ್ಧತಿಯ ಹಿರಿಮೆ.

ಬಳಗಗಳು ಕಟ್ಟಿದ್ದು

ಏಕರೂಪದ ಸಂಕೇತ ದೊರೆತ ಮೇಲೆ ಒಬ್ಬೊಬ್ಬರ ಸಾಹಸದ ಕಾಲ ಹಿಂದೆ ಸರಿದು ಬಳಗಗಳ ಕಾಲ ಆರಂಭವಾಯಿತು. 2003ರ ಜೂನ್ ತಿಂಗಳಲ್ಲಿ ಕನ್ನಡ ವಿಕಿಪೀಡಿಯ ಹುಟ್ಟಿತು. ಅದರ ಆರಂಭದ ಹೊಣೆ ಹೊತ್ತವರಲ್ಲಿ ಪ್ರಮುಖರಾದ ಹರಿಪ್ರಸಾದ್ ನಾಡಿಗ್ ಅವರು 2005ರಲ್ಲಿ ‘ಸಂಪದ’ವನ್ನೂ ಕಟ್ಟಿದರು. ಯಾರು ಬೇಕಾದರೂ ಕನ್ನಡದಲ್ಲಿ ಬರೆದು ತಾವೇ ಪ್ರಕಟಿಸಬಹುದಾದ ಆ ತಾಣಕ್ಕೆ ಆಧಾರವಾದದ್ದು ದ್ರುಪಾಲ್ ಎಂಬ ಮುಕ್ತ ತಂತ್ರಾಂಶ. ಜಾಲತಾಣ ನಿರ್ಮಾಣವನ್ನೇ ಕಸುಬಾಗಿ ಬಲ್ಲವರೊಬ್ಬರು ಆ ಕಸುಬನ್ನು ತಮ್ಮ ಭಾಷೆಯ ನೆರೆಹೊರೆಗೆ ಧಾರೆಯೆರೆದ ನಿದರ್ಶನವಿದು. ಇದೇ ಕಾಲದಲ್ಲಿ ಹಲವು ಸ್ವಯಂಸೇವಕರು ಫೈರ್‌ಫಾಕ್ಸ್ ಮೊದಲಾದ ತಂತ್ರಾಂಶಗಳ ಆದೇಶಗಳನ್ನು ಸಾಲು ಸಾಲಾಗಿ ಕನ್ನಡಕ್ಕೆ ತಂದರು.

ಫಾಂಟುಗಳಿಗೂ ಕೊರತೆಯಿತ್ತು. ‘ಗುಬ್ಬಿ’ ಮತ್ತು ‘ನವಿಲು’ ಎಂಬ ಮುಕ್ತ ಫಾಂಟುಗಳನ್ನು ಅರವಿಂದ ವಿ. ಕೆ. ಅವರು ರೂಪಿಸಿ ಬಿಡುಗಡೆ ಮಾಡಿದರು. ‘ನವಿಲು’ ಕೈಬರಹದ ಸೊಗಸಿನದು. ಇವು ಲಿನಕ್ಸ್ ವಿತರಣೆಗಳೊಳಗೇ ಸೇರಿಕೊಂಡು ಯಾರೂ ಕೇಳದೆಯೇ ಕನ್ನಡಿಗರ ಕಂಪ್ಯೂಟರುಗಳನ್ನು ತಲುಪಿದವು.

ಬಳಗದ ಕೆಲಸದ ಅತ್ಯುತ್ತಮ ಫಲಗಳಲ್ಲಿ ‘ವಚನ ಸಂಚಯ’ವೂ ಒಂದು. ಕರ್ನಾಟಕ ಸರ್ಕಾರವು 15 ಸಂಪುಟಗಳಲ್ಲಿ ಪ್ರಕಟಿಸಿದ ಸಮಗ್ರ ವಚನ ಸಾಹಿತ್ಯದ ಪಠ್ಯ ಹಳೆಯ ಸಂಕೇತದಲ್ಲಿತ್ತು. ತಂತ್ರಜ್ಞರ ಒಂದು ಪುಟ್ಟ ಬಳಗ ಸಾಹಿತ್ಯ ವಿದ್ವಾಂಸರ ನೆರವಿನಿಂದ ಅದನ್ನು ಯುನಿಕೋಡಿಗೆ ತಂದು, 20,000ಕ್ಕೂ ಮಿಕ್ಕಿದ ವಚನಗಳಲ್ಲಿ ಯಾವ ಪದವನ್ನು ಬೇಕಾದರೂ ಹುಡುಕುವ ತಾಣವನ್ನು ಕಟ್ಟಿತು. ‘ಕಾಯಕ’ ಎಂಬ ಪದವು ಯಾವ ಯಾವ ವಚನಕಾರರಲ್ಲಿ ಎಷ್ಟು ಸಲ ಬಂದಿದೆ ಎಂಬ ಪ್ರಶ್ನೆಗೆ ಹಿಂದೆ ಒಬ್ಬ ಸಂಶೋಧಕ ತಿಂಗಳುಗಟ್ಟಲೆ ಸಂಪುಟಗಳನ್ನು ತಿರುವಬೇಕಿತ್ತು. ಈಗ ಅದು ಕ್ಷಣಮಾತ್ರದ ಕೆಲಸ.

ಉಳಿದದ್ದು, ಅಳಿದದ್ದು

ಈ ಇತಿಹಾಸದಲ್ಲಿ ಒಂದು ಕಟುವಾದ ಪಾಠವೂ ಇದೆ. ತೊಂಬತ್ತರ ದಶಕದ ಕೊನೆಯಲ್ಲಿ ಜಾಲವೇರಿದ ಕನ್ನಡದ ಬಹಳಷ್ಟು ಪುಟಗಳು ಇಂದು ಓದಲು ಬಾರವು. ಪುಟ ಉಳಿದರೂ ಅದನ್ನು ತೋರಿಸುತ್ತಿದ್ದ ಫಾಂಟಿಲ್ಲ. ಫಾಂಟಿದ್ದರೂ ಅದನ್ನು ಅರಿಯುವ ಬ್ರೌಸರಿಲ್ಲ. ಶ್ರಮ, ಪ್ರೀತಿ, ಪ್ರತಿಭೆಗಳಿಗೆ ಆಗ ಕೊರತೆಯಿರಲಿಲ್ಲ. ಎಲ್ಲರೂ ಒಪ್ಪಿದ, ಎಲ್ಲರಿಗೂ ತೆರೆದ ಸಂಕೇತವೊಂದರ ಬಳಕೆ ಇರಲಿಲ್ಲ. ನಾವು ಈ ಇತಿಹಾಸದಿಂದ ಗ್ರಹಿಸುವುದಿಷ್ಟು: ಒಬ್ಬನ ಔದಾರ್ಯ ಒಂದು ತಲೆಮಾರಿನ ಬಾಯಾರಿಕೆಯನ್ನು ತಣಿಸಬಲ್ಲದು, ಅದು ಮುಂದಿನ ತಲೆಮಾರಿಗೂ ಹರಿಯಬೇಕಾದರೆ ಕಟ್ಟುವ ಕ್ರಮ ಬಹಿರಂಗವಾಗಿರಬೇಕು, ಒಬ್ಬರು ಬಿಟ್ಟ ಕೈಕೆಲಸವನ್ನು ಇನ್ನೊಬ್ಬರು ಎತ್ತಿಕೊಳ್ಳುವಂತಿರಬೇಕು.

ಹೊರನಾಡಿನ ಸಂಘಗಳಿಗೆ ಇದು ದೂರದ ವಿಷಯವಲ್ಲ. ಆ ವರ್ಷಗಳಲ್ಲಿ ಸಿದ್ಧವಾದ ಸಂಚಿಕೆಗಳು, ಸ್ಮರಣ ಸಂಪುಟಗಳು, ಹಿರಿಯರು ಬರೆದ ನೆನಪುಗಳು ಹಳೆಯ ಸಂಕೇತದ ಕಡತಗಳಾಗಿ ಯಾರ ಯಾರದೋ ಮನೆಯ ಹಳೆಯ ಕಂಪ್ಯೂಟರಿನಲ್ಲಿ, ಸಿಡಿಗಳಲ್ಲಿ ಕುಳಿತಿವೆ. ಈ ದೇಶಕ್ಕೆ ಕನ್ನಡಿಗರು ಬಂದು ನೆಲೆಯಾದ ಕಥೆ ಅವುಗಳಲ್ಲಲ್ಲದೆ ಬೇರೆಲ್ಲೂ ಇಲ್ಲ. ಅವನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಆದರೆ ಯಂತ್ರವನ್ನು ಪೂರ್ತಿ ನಂಬುವಂತಿಲ್ಲ. ‘ಸೂರ್ಯ’ ಎಂಬ ಪದದಲ್ಲಿ ಅರ್ಕಾವತ್ತು ಹಳೆಯ ಸಂಕೇತದಲ್ಲಿ ಯಕಾರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ರಕಾರವೇ ಮೊದಲು ಬರಬೇಕು. ಇಂತಹ ಕಡೆ ಪರಿವರ್ತನೆ ತಪ್ಪಿದರೆ ಹಿಡಿಯುವುದು ಕನ್ನಡ ಬಲ್ಲ ಕಣ್ಣು ಮಾತ್ರ. ಇಲ್ಲಿ ಅಜ್ಜ ಅಜ್ಜಿಯರಿಗೂ ಕೆಲಸವಿದೆ, ಮೊಮ್ಮಕ್ಕಳಿಗೂ ಇದೆ.

ವೃತ್ತಿಯಲ್ಲಿರುವ ನಮ್ಮ ಯುವಕ ಯುವತಿಯರಿಗೆ ಕೈಗೆಟಕುವ ಕೆಲಸಗಳು ಇನ್ನೂ ಇವೆ. ಇಂಗ್ಲಿಷಿಗೆಂದು ಅಳೆದ ಸಾಲಿನ ಎತ್ತರದಲ್ಲಿ ನಮ್ಮ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. ಅದನ್ನು ಗಮನಿಸಿ ತಿದ್ದುವವರು ಬೇಕು. ಪುಟದ ಭಾಷೆ ಕನ್ನಡವೆಂದು ಒಳಗೆ ಎರಡಕ್ಷರದ ಸೂಚನೆಯನ್ನು ಬರೆದರೆ, ದೃಷ್ಟಿಹೀನರಿಗೆ ಓದಿ ಹೇಳುವ ತಂತ್ರಾಂಶ ಅದನ್ನು ಕನ್ನಡದಲ್ಲಿ ಓದಬಲ್ಲದು. ಆ ಸೂಚನೆಯಿಲ್ಲದ ಕನ್ನಡ ಪುಟಗಳು ಅಸಂಖ್ಯ. ಇವಕ್ಕೆ ಅನುದಾನ ಬೇಕಿಲ್ಲ, ಸಮಿತಿ ಬೇಕಿಲ್ಲ. ಒಂದು ಶನಿವಾರದ ಮಧ್ಯಾಹ್ನ, ಸಮುದಾಯ ಭವನದ ಒಂದು ಮೇಜು, ನಾಲ್ಕು ಜನ ಸಾಕು. ಕನ್ನಡ ಜಾಲದ ಬಹುಭಾಗ ಈವರೆಗೆ ನಿರ್ಮಾಣವಾದದ್ದು ಅಷ್ಟರಿಂದಲೇ.